ಖಾಸಗಿ ವಿಮಾನದಲ್ಲಿ ನಾಯಿ ಜೊತೆ ಪಯಣ: ಇಳಿದ ಮೇಲಿನ ಕಾರಿನ ವ್ಯವಸ್ಥೆ, ಹಂತ ಹಂತವಾಗಿ

ಸಣ್ಣ ವಿಮಾನದಲ್ಲಿ ನಾಯಿಯನ್ನು ಕರೆದೊಯ್ದವರ ಗೋಳು ಕೇಳಿದರೆ ಅದರಲ್ಲಿ ಹಾರಾಟದ ಮಾತು ಕಡಿಮೆ. ಮೇಲೇರಿದ ಮೇಲೆ ಹೆಚ್ಚಿನ ನಾಯಿಗಳು ಎಂಜಿನ್ ಸದ್ದಿಗೆ ಮಲಗಿಬಿಡುತ್ತವೆ. ತಾಪತ್ರಯ ಶುರುವಾಗುವುದು ಚಕ್ರ ನೆಲಕ್ಕೆ ತಾಗಿದ ಮೇಲೆ. ಬುಕ್ ಮಾಡಿದ ಕಾರು ಇನ್ನೊಂದು ಟರ್ಮಿನಲ್ಲಿನಲ್ಲಿ ನಿಂತಿರುತ್ತದೆ, ಬಂದ ಚಾಲಕ ನಾಯಿಯನ್ನು ನೋಡಿ ಒಲ್ಲೆನೆಂದು ಕೈಯಾಡಿಸುತ್ತಾನೆ, ಅಥವಾ ಕ್ರೇಟ್ (ನಾಯಿಯನ್ನು ಕೂರಿಸಿ ಒಯ್ಯುವ ಪೆಟ್ಟಿಗೆ) ಕಾರಿನ ಬಾಗಿಲಲ್ಲಿ ತೂರುವುದಿಲ್ಲ. ಅಷ್ಟು ಹೊತ್ತೂ ನಾಯಿ ಸುಡುವ ಡಾಂಬರಿನ ಮೇಲೆ ಕಾಲು ಎತ್ತಿ ಇಡುತ್ತ ನಿಂತಿರುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ: ಮೊದಲು ಹಾರಾಟ ಗೊತ್ತುಮಾಡಿ, ಕಾರನ್ನು ಕೊನೆಗೆ ನೋಡಿಕೊಂಡರಾಯಿತು ಎನ್ನುವುದು. ನಾಯಿ ಜೊತೆಗಿದ್ದರೆ ಈ ಕ್ರಮ ತಿರುವುಮುರುವಾಗಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರಲ್ಲ, ಇಲ್ಲಿ ಮಾತ್ರ ಹೊಲಿಸಲೇಬೇಕು. ಕಾರು ನಾಯಿಗಾಗಿ ಕಾಯಬಹುದು, ನಾಯಿ ಕಾರಿಗಾಗಿ ಕಾಯಬಾರದು. ಕೆಳಗಿನ ಹಂತಗಳೆಲ್ಲ ಇದೊಂದನ್ನು ಸಾಧಿಸಲಿಕ್ಕೆ. ವಿಮಾನ ಹಾರಿಸುವವರು ನೀವೇ ಆಗಿರಲಿ, ಚಾರ್ಟರ್ ಪಡೆದವರಾಗಿರಲಿ, ಅಂದರೆ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದವರಾಗಿರಲಿ, ಕ್ರಮ ಇದೇ.

ಮೊದಲೇ ಕೈಯಲ್ಲಿರಬೇಕಾದ್ದು

ಅಳತೆ ಟೇಪು. ಎರಡು ಹಗ್ಗ: ಒಂದು ಮಾಮೂಲಿ ಲೀಶ್, ಇನ್ನೊಂದು ಕುತ್ತಿಗೆಗೆ ಜಾರುಗುಣಿಕೆಯಂತೆ ಬೀಳುವ ಸ್ಲಿಪ್ ಲೀಡ್. ಸೀಟ್ ಬೆಲ್ಟಿಗೆ ಸಿಕ್ಕಿಸುವ, ಅಪಘಾತ ಪರೀಕ್ಷೆ ಪಾಸಾದ ಹಾರ್ನೆಸ್ (ನಾಯಿಯ ಎದೆ ಸುತ್ತ ತೊಡಿಸುವ ಪಟ್ಟಿ) ಅಥವಾ ಕ್ರೇಟ್. ಸೀಟಿನ ಮೇಲೆ ಹಾಸಲು ಎರಡು ಹಳೇ ಹಾಸಿಗೆ ಬಟ್ಟೆ. ನೀರು, ಬಟ್ಟಲು, ಕೂದಲು ತೆಗೆಯುವ ರೋಲರ್, ಮಲದ ಚೀಲ. ಲಸಿಕೆ ಕಾರ್ಡಿನ ಕಾಗದದ ಪ್ರತಿ. ಫೋನಿನಲ್ಲಿದ್ದರೆ ಸಾಲದು, ಚಾರ್ಜ್ ಮುಗಿಯುವುದು ಯಾವಾಗಲೂ ಅದನ್ನು ಕೇಳುವ ಹೊತ್ತಿಗೇ. ಕೊರಳಪಟ್ಟಿಯ ಬಿಲ್ಲೆಯ ಮೇಲೆ ನಿಮ್ಮ ಜೊತೆಯಲ್ಲೇ ಬರುವ ಮೊಬೈಲಿನ ನಂಬರು ಇರಲಿ. ಮನೆಯ ಸ್ಥಿರ ದೂರವಾಣಿಯ ನಂಬರಿದ್ದರೆ, ನಾಯಿ ತಪ್ಪಿಸಿಕೊಂಡ ದಿನ ಆ ಫೋನು ಖಾಲಿ ಮನೆಯಲ್ಲಿ ಬಡಿದುಕೊಳ್ಳುತ್ತಿರುತ್ತದೆ.

ಹಂತ 1: ಕೊನೆಯ ಬಾಗಿಲಿನಿಂದ ಹಿಂದಕ್ಕೆ ಎಣಿಸಿ

ನಕ್ಷೆ ತೆರೆದು ನೀವು ಉಳಿದುಕೊಳ್ಳುವ ಮನೆ ಅಥವಾ ಹೋಟೆಲಿನ ಮೇಲೆ ಬೆರಳಿಡಿ. ಅಲ್ಲಿಂದ ಹಿಂದಕ್ಕೆ ಬನ್ನಿ: ರಸ್ತೆಯಲ್ಲಿ ಎಷ್ಟು ಹೊತ್ತು, ಕಾರು ಹತ್ತಲು ಎಷ್ಟು, ವಿಮಾನದಲ್ಲಿ ಎಷ್ಟು, ಅದಕ್ಕೂ ಮುಂಚೆ ಮನೆಯಿಂದ ನಿಲ್ದಾಣಕ್ಕೆ ಎಷ್ಟು. ಎರಡು ತಾಸಿನ ಹಾರಾಟ ಎಂದುಕೊಂಡದ್ದು ನಾಯಿಯ ಲೆಕ್ಕದಲ್ಲಿ ಆರು ತಾಸಿನ ಪಯಣ ಎಂದು ಆಗ ಗೊತ್ತಾಗುತ್ತದೆ. ಎಲ್ಲಿ ಮೂತ್ರಕ್ಕೆ ಬಿಡುವುದು, ಯಾವಾಗ ನೀರು ಕೊಡುವುದು ಎಂಬುದು ಈ ಪಟ್ಟಿಯಿಂದಲೇ ಹೊರಡಬೇಕು.

ಇಳಿಯುವ ನಿಲ್ದಾಣವನ್ನು ಆರಿಸಬೇಕಾದ್ದೂ ಈ ಹಂತದಲ್ಲೇ. ಊರಿಗೆ ಹತ್ತಿರವಿರುವ ಪುಟ್ಟ ರನ್‌ವೇಗಿಂತ ನಲವತ್ತು ಕಿಲೋಮೀಟರ್ ದೂರದ, ಬಾಡಿಗೆ ಕಾರು ಸಿಗುವ ನಿಲ್ದಾಣ ನಾಯಿಗೆ ಎಷ್ಟೋ ವಾಸಿ. ಪೈಲಟ್‌ಗಳಿಗೆ ಈ ಮಾತು ರುಚಿಸುವುದಿಲ್ಲ. ಇನ್ನೊಂದು ಸಂಗತಿ: ಮೂರು ತಾಸು ವಿಮಾನ ಹಾರಿಸಿದವರೇ ಕತ್ತಲಲ್ಲಿ ಮತ್ತೆ ಎರಡು ತಾಸು ಕಾರು ಓಡಿಸುವ ಯೋಜನೆ ಕಾಗದದ ಮೇಲಷ್ಟೇ ಚೆಂದ.

ಹಂತ 2: ಕ್ರೇಟನ್ನು ಅಳೆಯಿರಿ

ಕ್ರೇಟ್ ಎರಡು ಬಾಗಿಲು ದಾಟಬೇಕು: ವಿಮಾನದ್ದು, ಕಾರಿನದ್ದು. ಜನ ಮೊದಲನೆಯದನ್ನು ಅಳೆಯುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ, ಹಿಡಿಕೆ, ಬೀಗದಂಥ ಹೊರಚಾಚಿದ ಭಾಗಗಳನ್ನೂ ಸೇರಿಸಿ. ಕಾರು ಕಂಪನಿಗಳು ಡಿಕ್ಕಿಯ ಜಾಗವನ್ನು ಲೀಟರಿನಲ್ಲಿ ಹೇಳುತ್ತವೆ. ಅದು ನಿಮಗೆ ನಿಷ್ಪ್ರಯೋಜಕ. ನಿಮಗೆ ಬೇಕಾದ್ದು ಹಿಂಬಾಗಿಲು ತೆರೆದಾಗ ಸಿಗುವ ಕಂಡಿಯ ಅಗಲ, ಎತ್ತರ. ಎಷ್ಟೋ ಕಾರುಗಳಲ್ಲಿ ಒಳಗೆ ಜಾಗ ಧಾರಾಳ, ಕಂಡಿ ಮಾತ್ರ ಕಿರಿದು.

ಬಟ್ಟೆಯ ಮಡಚುವ ಕ್ರೇಟ್ ವಿಮಾನಕ್ಕೆ ಹಗುರ, ಕಾರಿಗೆ ಅನುಕೂಲ, ಆದರೆ ಅಪಘಾತದಲ್ಲಿ ತಡೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ನನ್ನ ಸಲಹೆ: ಮಧ್ಯಮ ಗಾತ್ರದವರೆಗಿನ ನಾಯಿಗೆ ಒಳ್ಳೆಯ ಹಾರ್ನೆಸ್, ಗಾಬರಿಪಡುವ ನಾಯಿಗೆ ಗಟ್ಟಿ ಕ್ರೇಟ್. ದಿನಾ ವಾಕಿಂಗಿಗೆ ಹಾಕುವ ಹಾರ್ನೆಸ್ ಸೀಟ್ ಬೆಲ್ಟಿನ ಕೆಲಸಕ್ಕೆ ಬಾರದು. ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆ ಹಾರ್ನೆಸ್, ಕ್ರೇಟ್‌ಗಳನ್ನು ಅಪಘಾತ ಪರೀಕ್ಷೆಗೆ ಒಡ್ಡಿ ಪಾಸಾದವುಗಳ ಪಟ್ಟಿ ಪ್ರಕಟಿಸುತ್ತದೆ. ಕೊಳ್ಳುವ ಮುಂಚೆ ಅದನ್ನು ನೋಡಿ.

ಹಂತ 3: ಎಫ್‌ಬಿಒಗೆ ಫೋನ್ ಮಾಡಿ

ಖಾಸಗಿ ವಿಮಾನಗಳಿಗೆ ಇಂಧನ, ನಿಲುಗಡೆ, ಕಾಯುವ ಕೋಣೆ ಇತ್ಯಾದಿ ಒದಗಿಸುವ ಸಂಸ್ಥೆಗೆ ಎಫ್‌ಬಿಒ ಎನ್ನುತ್ತಾರೆ. ಈ ಹೆಸರಿಲ್ಲದ ಕಡೆ ಹ್ಯಾಂಡ್ಲಿಂಗ್ ಏಜೆಂಟ್ ಇರುತ್ತಾರೆ. ನಿಮ್ಮ ಕಾರಿನ ವ್ಯವಸ್ಥೆಯ ಅರ್ಧ ಇವರ ಕೈಯಲ್ಲಿದೆ. ಮಿಂಚಂಚೆ ಬೇಡ, ಫೋನ್ ಮಾಡಿ, ಮಾತಾಡಿದವರ ಹೆಸರು ಬರೆದುಕೊಳ್ಳಿ. ಕೇಳಬೇಕಾದ ಪ್ರಶ್ನೆಗಳು:

ಕಾರು ವಿಮಾನದ ಪಕ್ಕಕ್ಕೇ ಬರಬಹುದೇ, ಇಲ್ಲವೇ ಗೇಟಿನ ಹೊರಗೆ ನಿಲ್ಲಬೇಕೇ? ಹೊರಗಾದರೆ ಎಷ್ಟು ಹೆಜ್ಜೆ ನಡೆಯಬೇಕು? ನಾಯಿಯನ್ನು ಕಾಯುವ ಕೋಣೆಯೊಳಗೆ ಬಿಡುತ್ತೀರಾ? ಮೂತ್ರಕ್ಕೆ ಬಿಡಲು ಹುಲ್ಲಿನ ಜಾಗ ಬೇಲಿಯ ಹೊರಗಿದೆಯೇ? ನಾವು ಬರುವ ಹೊತ್ತಿಗೆ ನಿಮ್ಮ ಕಚೇರಿ ತೆರೆದಿರುತ್ತದೆಯೇ? ಬಾಡಿಗೆ ಕಾರಿನ ಕೀಲಿ ನಿಮ್ಮಲ್ಲಿ ಇಟ್ಟಿರಲು ಸಾಧ್ಯವೇ?

ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ನಿಮ್ಮ ಅರ್ಧ ತಲೆನೋವು ಹೋಯಿತು. ಎಷ್ಟೋ ಕಡೆ ಎಫ್‌ಬಿಒದವರೇ ಬಾಡಿಗೆ ಕಾರು ತರಿಸಿ, ಕಾಗದಪತ್ರ ತಯಾರಿಟ್ಟು, ಎಸಿ ಹಾಕಿ ನಿಲ್ಲಿಸಿರುತ್ತಾರೆ. "ನಾಯಿ ಇದೆ" ಎಂದಷ್ಟೇ ಹೇಳಬೇಡಿ. ತಳಿ, ತೂಕ, ಕ್ರೇಟಿನಲ್ಲಿದೆಯೋ ಇಲ್ಲವೋ, ಅಪರಿಚಿತರಿಗೆ ಬೊಗಳುತ್ತದೆಯೋ ಎಲ್ಲವನ್ನೂ ಹೇಳಿ. ಆ ಕಡೆಯವರು ನಾಯಿ ಎಂದರೆ ತೊಡೆಯ ಮೇಲೆ ಕೂರುವಂಥದ್ದು ಎಂದುಕೊಂಡಿರುತ್ತಾರೆ, ನೀವು ನಲವತ್ತು ಕಿಲೋದ ಕುರುಬನಾಯಿಯನ್ನು ಇಳಿಸುತ್ತೀರಿ.

ಹಂತ 4: ವಾಹನ ಯಾವುದು

ಬಾಡಿಗೆ ಕಾರೇ ನನ್ನ ಮೊದಲ ಆಯ್ಕೆ. ಅದರಲ್ಲಿ ನಿಮ್ಮ ನಾಯಿ ನಿಮ್ಮ ಜವಾಬ್ದಾರಿ, ಯಾರ ಮುಖವನ್ನೂ ನೋಡಬೇಕಿಲ್ಲ. ಸಾಕುಪ್ರಾಣಿಗಳಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಅನುಮತಿ ಕೊಡುವ ಕಂಪನಿಗಳೂ ಕೂದಲು, ವಾಸನೆ ಉಳಿದರೆ ಶುಚಿಗೊಳಿಸುವ ಶುಲ್ಕ ಹಾಕುತ್ತವೆ. ಬುಕಿಂಗಿನಲ್ಲಿ ಕಾರಿನ ಹೆಸರಿನ ಪಕ್ಕ "ಅಥವಾ ಅದೇ ವರ್ಗದ್ದು" ಎಂಬ ಸಣ್ಣ ಸಾಲು ಇರುತ್ತದೆ. ಅದರ ಅರ್ಥ, ನೀವು ಅಳೆದು ಆರಿಸಿದ ಮಾದರಿ ಸಿಗುವ ಖಾತರಿ ಇಲ್ಲ. ಆದ್ದರಿಂದ ಕ್ರೇಟ್ ಇಕ್ಕಟ್ಟಾಗಿ ಹಿಡಿಯುವ ವರ್ಗ ಬೇಡ, ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು ಹಿಡಿಯಿರಿ.

ಚಾಲಕ ಸಮೇತ ಗೊತ್ತುಮಾಡುವ ಕಾರು ಎರಡನೆಯದು. ಇಲ್ಲಿ ಕಂಪನಿಯ ಒಪ್ಪಿಗೆ ಬೇರೆ, ಚಾಲಕನ ಒಪ್ಪಿಗೆ ಬೇರೆ. ಅಲರ್ಜಿ ಇರುವವರು, ನಾಯಿಗೆ ಹೆದರುವವರು ಇರುತ್ತಾರೆ, ಅದು ಅವರ ತಪ್ಪಲ್ಲ. ಹಿಂದಿನ ದಿನ ಚಾಲಕನ ನಂಬರು ತೆಗೆದುಕೊಂಡು ನೇರವಾಗಿ ಮಾತಾಡಿ. "ನಾಯಿ ಇರುವುದು ನಿಮಗೆ ತಿಳಿಸಿದ್ದಾರೆಯೇ?" ಎಂಬ ಒಂದು ಪ್ರಶ್ನೆ ಸಾಕು, ಆಕಡೆಯ ಮೌನದಲ್ಲೇ ಉತ್ತರ ಇರುತ್ತದೆ.

ಆ್ಯಪ್ ಟ್ಯಾಕ್ಸಿಯನ್ನು ಮುಖ್ಯ ವ್ಯವಸ್ಥೆಯಾಗಿ ನಂಬಬೇಡಿ. ಉಬರ್‌ನಲ್ಲಿ ಸಾಕುಪ್ರಾಣಿಗೆಂದೇ ಪ್ರತ್ಯೇಕ ಆಯ್ಕೆ ಕೆಲವು ನಗರಗಳಲ್ಲಿದೆ, ಅದಕ್ಕೆ ಹೆಚ್ಚುವರಿ ದರ. ಸಣ್ಣ ನಿಲ್ದಾಣಗಳು ಸಾಮಾನ್ಯವಾಗಿ ಊರಾಚೆ ಇರುತ್ತವೆ, ಅಲ್ಲಿಗೆ ಅಂಥ ಕಾರು ಸುಲಭವಾಗಿ ಬರುವುದಿಲ್ಲ. ಅಂಗವಿಕಲರ ನೆರವಿಗೆಂದು ತರಬೇತಾದ ಸೇವಾನಾಯಿಯ ವಿಚಾರ ಬೇರೆ, ಎಷ್ಟೋ ದೇಶಗಳಲ್ಲಿ ಅದನ್ನು ನಿರಾಕರಿಸುವಂತಿಲ್ಲ. ಆ ಹಕ್ಕು ಮನೆಯ ಮುದ್ದುನಾಯಿಗೆ ಅನ್ವಯಿಸುವುದಿಲ್ಲ; ಸೇವಾನಾಯಿಯ ಸುಳ್ಳು ಜಾಕೆಟ್ ತೊಡಿಸಿ ಕರೆದೊಯ್ಯುವವರಿಂದ ನಿಜವಾಗಿ ಬೇಕಾದವರಿಗೆ ತೊಂದರೆ.

ಹೋಟೆಲಿನ ಶಟಲ್ ವಾಹನದಲ್ಲಿ ಮೋಸಹೋಗುವವರು ಬಹಳ. ಹೋಟೆಲ್ ನಾಯಿಯನ್ನು ಒಪ್ಪುತ್ತದೆ ಎಂದ ಮಾತ್ರಕ್ಕೆ ಅದರ ವ್ಯಾನ್ ಒಪ್ಪಬೇಕೆಂದಿಲ್ಲ. ವ್ಯಾನ್ ಬೇರೆ ಗುತ್ತಿಗೆದಾರರದ್ದಾಗಿರಬಹುದು. ಬೇರೆಯಾಗಿ ಕೇಳಿ.

ಸಣ್ಣ ನಿಲ್ದಾಣಗಳಲ್ಲಿ ಪೈಲಟ್‌ಗಳಿಗೆ ಎರವಲು ಕೊಡುವ ಹಳೇ ಕಾರೊಂದು ಇರುವುದುಂಟು. ಅದು ಊಟ ಮುಗಿಸಿ ಬರುವಷ್ಟು ಹೊತ್ತಿಗೆ, ಮೊದಲು ಬಂದವರಿಗೆ. ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಇದನ್ನೇ ನೆಚ್ಚಿ ನಾಯಿ ಕರೆತಂದರೆ, ನಿಮಗಿಂತ ಹತ್ತು ನಿಮಿಷ ಮುಂಚೆ ಇಳಿದವರು ಅದನ್ನು ತೆಗೆದುಕೊಂಡು ಹೋಗಿರುತ್ತಾರೆ.

ಹಂತ 5: ಬುಕಿಂಗಿನಲ್ಲಿ ವಿಳಾಸ, ಹೊತ್ತು, ಗುರುತು

ಅತಿ ಹೆಚ್ಚು ಕೆಡುವ ಜಾಗ ಇದು, ನಿಧಾನವಾಗಿ ಓದಿ.

ವಿಳಾಸ. ನಿಲ್ದಾಣದ ಹೆಸರು ಹಾಕಿದರೆ ಜಿಪಿಎಸ್ ಚಾಲಕನನ್ನು ಏರ್‌ಲೈನ್ ಟರ್ಮಿನಲ್ಲಿಗೆ ಒಯ್ಯುತ್ತದೆ. ಖಾಸಗಿ ವಿಮಾನಗಳ ಜಾಗ ಹಲವು ಕಡೆ ರನ್‌ವೇಯ ಆಚೆ ದಡದಲ್ಲಿ, ಬೇರೆಯದೇ ರಸ್ತೆಯಲ್ಲಿರುತ್ತದೆ. ಒಂದೇ ನಿಲ್ದಾಣದಲ್ಲಿ ಎರಡು ಮೂರು ಎಫ್‌ಬಿಒಗಳೂ ಇರಬಹುದು. ಎಫ್‌ಬಿಒ ಹೆಸರು, ಬೀದಿಯ ಹೆಸರು, ಗೇಟ್ ಸಂಖ್ಯೆ ಮತ್ತು ನಕ್ಷೆಯ ಪಿನ್, ನಾಲ್ಕನ್ನೂ ಕಳಿಸಿ.

ಗುರುತು. ಚಾಲಕರು ಫ್ಲೈಟ್ ನಂಬರು ಕೇಳುತ್ತಾರೆ, ನಿಮಗೆ ಅದು ಇಲ್ಲ. ವಿಮಾನದ ಬಾಲದ ಮೇಲಿನ ನೋಂದಣಿ ಸಂಖ್ಯೆ ಕೊಡಿ. ಮಾಲೀಕರು ಗುಟ್ಟಾಗಿಡಲು ಕೇಳಿಕೊಂಡಿಲ್ಲದಿದ್ದರೆ ಫ್ಲೈಟ್‌ಅವೇರ್‌ನಂಥ ತಾಣದಲ್ಲಿ ಆ ಸಂಖ್ಯೆಯಿಂದ ವಿಮಾನ ಎಲ್ಲಿದೆ ಎಂದು ನೋಡಬಹುದು. ಗುಟ್ಟಾಗಿದ್ದರೆ, ಹೊರಟಾಗ ನೀವೇ ಸಂದೇಶ ಕಳಿಸಬೇಕು.

ಹೊತ್ತು. ಪೈಲಟ್‌ಗಳು ಯುಟಿಸಿ ಎಂಬ, ಲೋಕಕ್ಕೆಲ್ಲ ಒಂದೇ ಆದ ಸಮಯದಲ್ಲಿ ಮಾತಾಡುತ್ತಾರೆ, ಚಾಲಕರು ಸ್ಥಳೀಯ ಸಮಯದಲ್ಲಿ. ಯೋಜನಾಪಟ್ಟಿಯಲ್ಲಿದ್ದ ಯುಟಿಸಿಯನ್ನೇ ನಾನೊಮ್ಮೆ ಕಾರಿನ ಬುಕಿಂಗಿಗೆ ಎತ್ತಿ ಬರೆದಿದ್ದೆ. ಕಾರು ಬಂತು, ಕಾಯಿತು, ಹೋಯಿತು. ನಾವಿನ್ನೂ ಹೊರಟಿರಲೇ ಇಲ್ಲ. ಈಗ ಬುಕಿಂಗಿನಲ್ಲಿ "ಸ್ಥಳೀಯ ಸಮಯ" ಎಂದು ಅಕ್ಷರದಲ್ಲೇ ಬರೆಯುತ್ತೇನೆ.

ಎಷ್ಟು ಹೊತ್ತಿಗೆ ಬರಹೇಳಬೇಕು? ನೀವು ಅಂದಾಜಿಸಿದ ಇಳಿಯುವ ಸಮಯಕ್ಕಿಂತ 15 ನಿಮಿಷ ಮುಂಚೆ. ಎದುರುಗಾಳಿ ಇದ್ದರೆ ನೀವು ತಡವಾಗುತ್ತೀರಿ, ಹಿಂಗಾಳಿ ಇದ್ದರೆ ಬೇಗ ಬರುತ್ತೀರಿ. ಕಾಯುವ ಶುಲ್ಕ ಎಷ್ಟೆಂದು ಮೊದಲೇ ಕೇಳಿ ಒಪ್ಪಿಕೊಂಡುಬಿಡಿ, ಇಲ್ಲಿ ಉಳಿತಾಯ ಮಾಡಹೋಗಬೇಡಿ. ಬಾಡಿಗೆ ಕಾರಿನ ಕೌಂಟರ್ ಮುಚ್ಚುವ ವೇಳೆಯನ್ನೂ ನೋಡಿ. ಸಂಜೆ ಆರಕ್ಕೆ ಬಾಗಿಲು ಎಳೆಯುವ ಕೌಂಟರಿಗೆ ಐದೂಮುಕ್ಕಾಲಿಗೆ ಇಳಿಯುವ ಯೋಜನೆ ಯೋಜನೆಯೇ ಅಲ್ಲ.

ಹಂತ 6: ಬದಲಿ ನಿಲ್ದಾಣಕ್ಕೂ ಕಾರಿರಲಿ

ಹವಾಮಾನ ಕೆಟ್ಟರೆ ಸಣ್ಣ ವಿಮಾನ ಬೇರೆಡೆ ಇಳಿಯುತ್ತದೆ. ಪೈಲಟ್ ಬದಲಿ ನಿಲ್ದಾಣ ಗುರುತಿಸಿಕೊಂಡಿರುತ್ತಾರೆ, ಕಾರು ಮಾತ್ರ ಮೊದಲಿನ ಕಡೆಯೇ ಇರುತ್ತದೆ. ಬದಲಿ ನಿಲ್ದಾಣದ ಎಫ್‌ಬಿಒ ನಂಬರು, ಅಲ್ಲಿ ನಾಯಿ ಒಯ್ಯುವ ಒಂದು ವಾಹನದ ನಂಬರು, ನಾಯಿ ಒಪ್ಪುವ ಒಂದು ಹೋಟೆಲಿನ ನಂಬರು ಕಾಗದದಲ್ಲಿ ಬರೆದಿಡಿ. ಪುಕ್ಕಟೆ ರದ್ದುಮಾಡಬಹುದಾದ ಬುಕಿಂಗ್ ಸಿಕ್ಕರೆ ಅಲ್ಲೂ ಒಂದು ಮಾಡಿಡಿ. ಬೇಡವಾದಾಗ ರದ್ದು ಮಾಡುವ ಸೌಜನ್ಯ ಮರೆಯಬೇಡಿ.

ಅಪಾಯದ ಸೂಚನೆ: "ಕಾರು ಬಂದು ನಿಂತಿದೆ, ಇಳಿಯಲೇಬೇಕು" ಎಂದು ಯಾರಾದರೂ ಪೈಲಟ್‌ನನ್ನು ಒತ್ತಾಯಿಸಿದರೆ, ನಿಮ್ಮ ಏರ್ಪಾಡೇ ತಪ್ಪಾಗಿದೆ. ಕಾರಿನ ಹಂಗಿಗೆ ಬಿದ್ದು ಕೆಟ್ಟ ಹವೆಯಲ್ಲಿ ಇಳಿಯುವಂತಾಗಬಾರದು ಎಂಬುದಕ್ಕೇ ಈ ಹಂತ.

ಹಂತ 7: ಹೊರಡುವ ದಿನ

ಹಾರುವ ಮೂರು ನಾಲ್ಕು ತಾಸು ಮುಂಚೆ ಹಗುರ ಊಟ, ಆಮೇಲೆ ನೀರು ಮಾತ್ರ. ಮಂಪರು ಬರಿಸುವ ಔಷಧ ಬೇಡ. ವಿಮಾನಪ್ರಯಾಣಕ್ಕೆ ಸಾಕುಪ್ರಾಣಿಗಳಿಗೆ ಅಂಥ ಔಷಧ ಕೊಡುವುದನ್ನು ಪಶುವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊಟ್ಟೆ ತೊಳಸುವ ನಾಯಿಯಾದರೆ ವೈದ್ಯರನ್ನು ಕೇಳಿ ಬೇರೆ ಮಾತ್ರೆ ಪಡೆಯಿರಿ. ಬೇಲಿಯೊಳಗೆ ಹೋಗುವ ಮುಂಚೆ ಮೂತ್ರಕ್ಕೆ ಬಿಡಿ.

ಸಾಮಾನು ತುಂಬುವಾಗ ನಾಯಿಯ ಚೀಲ ಕೊನೆಗೆ ಹೋಗಲಿ. ಇಳಿದಾಗ ಮೊದಲು ಕೈಗೆ ಸಿಗಬೇಕಾದ್ದು ಅದು. ಎಂಜಿನ್ ಶುರುಮಾಡುವ ಮುಂಚೆ ಚಾಲಕನಿಗೂ ಎಫ್‌ಬಿಒಗೂ ಸಂದೇಶ ಕಳಿಸಿ: ಹೊರಟೆವು, ಇಷ್ಟು ಹೊತ್ತಿಗೆ ಬರುತ್ತೇವೆ, ನಾಯಿ ಇದೆ. ಇಳಿಯುವ 15 ನಿಮಿಷ ಮುಂಚೆ, ಕೆಲಸದ ಒತ್ತಡ ಇಲ್ಲದಿದ್ದರೆ, ಪೈಲಟ್ ಎಫ್‌ಬಿಒದ ರೇಡಿಯೋ ತರಂಗಾಂತರದಲ್ಲಿ ಇನ್ನೊಮ್ಮೆ ಹೇಳಬಹುದು. ಕಾರಿನ ಎಸಿ ಹಾಕಿಸಲು ಅದೇ ಸಮಯ.

ಹಂತ 8: ಇಳಿದ ಮೇಲಿನ ಹತ್ತು ನಿಮಿಷ

ಇಲ್ಲಿ ಕ್ರಮ ತಪ್ಪಿದರೆ ನಾಯಿಯ ಪ್ರಾಣಕ್ಕೇ ಸಂಚಕಾರ. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜಿನಂತಿರುತ್ತದೆ, ನಾಯಿಗೆ ಅದು ಗೊತ್ತಾಗುವುದಿಲ್ಲ.

ಒಂದು: ಎಂಜಿನ್ ಪೂರ್ತಿ ನಿಲ್ಲಲಿ, ಪ್ರೊಪೆಲ್ಲರ್ ನಿಂತದ್ದನ್ನು ಕಣ್ಣಾರೆ ನೋಡಿ. ಪಕ್ಕದ ವಿಮಾನದ್ದನ್ನೂ ನೋಡಿ.

ಎರಡು: ಬಾಗಿಲು ಮುಚ್ಚಿರುವಾಗಲೇ ಎರಡೂ ಹಗ್ಗ ಹಾಕಿ. ಒಂದು ಹಾರ್ನೆಸ್ಸಿಗೆ, ಒಂದು ಕುತ್ತಿಗೆಗೆ. ಕಿವಿಗೆ ಸದ್ದು ತಡೆಯುವ ಪಟ್ಟಿ ಹಾಕಿದ್ದರೆ ಅದನ್ನು ಕಾರಿನೊಳಗೆ ಕೂತ ಮೇಲೆ ತೆಗೆಯಿರಿ.

ಮೂರು: ನಾಯಿ ವಿಮಾನದಲ್ಲೇ ಇರಲಿ, ಒಬ್ಬರು ಅದರ ಜೊತೆಗಿರಲಿ. ಇನ್ನೊಬ್ಬರು ಇಳಿದು ಕಾರನ್ನು ಕಂಡು, ಒಳಗೆ ತಂಪಾಗಿದೆಯೇ ಎಂದು ಕೈಯಿಟ್ಟು ನೋಡಿ, ಸೀಟಿಗೆ ಬಟ್ಟೆ ಹಾಸಿ, ಕ್ರೇಟ್ ಇಟ್ಟು ಕಟ್ಟಲಿ. ಒಬ್ಬರೇ ಇದ್ದರೆ ಎಫ್‌ಬಿಒ ಸಿಬ್ಬಂದಿಯನ್ನು ಕಾರು ಹತ್ತಿರ ತರಲು ಕೇಳಿ, ನೀವು ನಾಯಿಯನ್ನು ಬಿಟ್ಟು ಹೋಗಬೇಡಿ. ಮುಚ್ಚಿದ ಸಣ್ಣ ವಿಮಾನವೂ ಬಿಸಿಲಿನಲ್ಲಿ ಒಲೆಯಾಗುತ್ತದೆ. ಚಕ್ರಕ್ಕೋ ರೆಕ್ಕೆಯ ಆಸರೆ ಕಂಬಕ್ಕೋ ನಾಯಿಯನ್ನು ಕಟ್ಟಿ ಹೋಗುವುದು ಅದಕ್ಕಿಂತ ಕೆಟ್ಟದ್ದು.

ನಾಲ್ಕು: ನೆಲದ ಮೇಲೆ ಅಂಗೈಯ ಹಿಂಬದಿ ಇಟ್ಟು ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಗಾಳಿಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಲೇ ಬಿಸಿಲಿಗೆ ಬಿದ್ದ ಡಾಂಬರು 50 ದಾಟಬಲ್ಲದು. ಸಣ್ಣ ನಾಯಿಯನ್ನು ಎತ್ತಿಕೊಳ್ಳಿ, ದೊಡ್ಡದಕ್ಕೆ ಕಾಲುಚೀಲ ಹಾಕಿ ಅಥವಾ ಕಾರನ್ನು ಹತ್ತಿರ ತರಿಸಿ.

ಐದು: ನಾಯಿ ಇಳಿದದ್ದೇ ನೇರ ಕಾರಿಗೆ, ಇಲ್ಲವೇ ಬೇಲಿಯಾಚೆಯ ಹುಲ್ಲಿಗೆ. ರೆಕ್ಕೆಯ ನೆರಳಲ್ಲಿ ಫೋಟೋ ಬೇಡ.

ಆರು: ಆಮೇಲೆ ಸಾಮಾನು, ಇಂಧನ, ಸಹಿ, ಬಿಲ್ಲು. ಒಬ್ಬರು ನಾಯಿಯೊಂದಿಗೆ ಕಾರಿನಲ್ಲಿ ಕೂತಿರಲಿ. ಜನ ಇದನ್ನು ಮೊದಲು ಮಾಡಿ ನಾಯಿಯನ್ನು ಕೊನೆಗೆ ಇಳಿಸುತ್ತಾರೆ; ಇಂಧನದ ಗಾಡಿ ತಡವಾದಷ್ಟೂ ನಾಯಿ ಬೇಯುತ್ತಿರುತ್ತದೆ.

ಹಂತ 9: ಕಾರಿನೊಳಗೆ

ನಾಯಿ ಹಿಂದಿನ ಸೀಟಿನಲ್ಲೇ. ಮುಂದೆ ಏರ್‌ಬ್ಯಾಗ್ ಸಿಡಿದರೆ ಅದೇ ಹೊಡೆತ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ವಾಹನದಲ್ಲಿ ನಾಯಿಯನ್ನು ಕಟ್ಟಿಯೋ ಕ್ರೇಟಿನಲ್ಲಿಟ್ಟೋ ಒಯ್ಯಬೇಕೆನ್ನುತ್ತದೆ. ನಿಮ್ಮಲ್ಲಿ ನಿಯಮ ಇರಲಿ ಬಿಡಲಿ, ಹಾಗೇ ಮಾಡಿ. ಲೀಶನ್ನು ಕೊರಳಪಟ್ಟಿಗೆ ಸಿಕ್ಕಿಸಿ ಸೀಟಿಗೆ ಕಟ್ಟಬೇಡಿ, ಬ್ರೇಕ್ ಹಾಕಿದರೆ ಕುತ್ತಿಗೆಗೆ ನೇಣಾಗುತ್ತದೆ.

ದಾರಿಯಲ್ಲಿ "ಐದೇ ನಿಮಿಷ" ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ. ಹೊರಗೆ 24 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ 10 ನಿಮಿಷದಲ್ಲಿ 34, 20 ನಿಮಿಷದಲ್ಲಿ 40 ಡಿಗ್ರಿ ಮುಟ್ಟುತ್ತದೆ. ಕಿಟಕಿ ಬೆರಳಷ್ಟು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಎಸಿ ಹಾಕಿಟ್ಟು ಹೋಗುತ್ತೇನೆ ಎನ್ನುವವರು ಗಮನಿಸಿ: ಬಾಡಿಗೆ ಕಾರು ನಿಮಗೆ ಹೊಸದು, ಕೀಲಿ ದೂರವಾದರೆ ಅಥವಾ ಸ್ವಲ್ಪ ಹೊತ್ತಾದರೆ ಎಂಜಿನ್ ತಾನೇ ನಿಲ್ಲುವ ಮಾದರಿಗಳಿವೆ.

ನಾಯಿಯ ಸಹಜ ದೇಹೋಷ್ಣ ಸುಮಾರು 38.3ರಿಂದ 39.2 ಡಿಗ್ರಿ. ಎಡೆಬಿಡದ ಏದುಸಿರು, ಗೋಂದಿನಂಥ ಜೊಲ್ಲು, ಕೆಂಪೇರಿದ ಒಸಡು, ತೂರಾಡುವ ನಡಿಗೆ, ವಾಂತಿ ಇವು ಬಿಸಿಯೇಟಿನ ಲಕ್ಷಣ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಇದು ಬಹುಬೇಗ ಬರುತ್ತದೆ. ಕಂಡ ಕೂಡಲೇ ನೆರಳಿಗೆ ತನ್ನಿ, ಮೈಮೇಲೆ ತಣ್ಣೀರು ಹುಯ್ಯಿರಿ, ಗಾಳಿ ಹಾಕಿ. ತಂಪು ಮಾಡುತ್ತಲೇ ಪಶುವೈದ್ಯರ ಬಳಿ ಹೊರಡಿ. ಆ ಊರಿನಲ್ಲಿ ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆಯ ನಂಬರು ಹಂತ 6ರ ಕಾಗದದಲ್ಲೇ ಇರಬೇಕು.

ಹಂತ 10: ಗಡಿ ದಾಟುವುದಾದರೆ

ಕಸ್ಟಮ್ಸ್ ಮುಗಿಯುವವರೆಗೆ ಕಾರು ವಿಮಾನದ ಹತ್ತಿರ ಸುಳಿಯುವಂತಿಲ್ಲ, ನೀವೂ ಇಳಿಯುವಂತಿಲ್ಲದಿರಬಹುದು. ಚಾಲಕನಿಗೆ ಒಂದು ತಾಸಿನ ಕಾಯುವಿಕೆ ಇದೆ ಎಂದೇ ಹೇಳಿ ಗೊತ್ತುಮಾಡಿ. ನಾಯಿಯ ಕಾಗದ ಸರಿ ಇಲ್ಲದಿದ್ದರೆ ಕಾರು ಎಷ್ಟು ಚೆನ್ನಾಗಿದ್ದೂ ವ್ಯರ್ಥ. ಐರೋಪ್ಯ ಒಕ್ಕೂಟಕ್ಕೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಮೊದಲ ಲಸಿಕೆಯಾದ ಮೇಲೆ 21 ದಿನ ಕಾಯಬೇಕು. ಈ ಕ್ರಮ ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕಿಲ್ಲ. ಅಮೆರಿಕಕ್ಕೆ 2024ರ ಆಗಸ್ಟ್ 1ರಿಂದ ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಮತ್ತು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ನಾಯಿ ಆಮದು ಅರ್ಜಿ ಬೇಕು. ಬ್ರಿಟನ್ನಿಗೆ ಬಹುತೇಕ ದೇಶಗಳಿಂದ ಹೋಗುವಾಗ, ಅಲ್ಲಿ ತಲುಪುವುದಕ್ಕೆ 24ರಿಂದ 120 ತಾಸು ಮುಂಚೆ ಲಾಡಿಹುಳುವಿನ ಔಷಧಿ ಕೊಡಿಸಿರಬೇಕು. ಅಲ್ಲಿ ಅನುಮತಿ ಪಡೆದ ಮಾರ್ಗಗಳಲ್ಲಿ ಮಾತ್ರ ನಾಯಿ ತರಬಹುದು, ಇಷ್ಟಬಂದ ರನ್‌ವೇಗೆ ಇಳಿಸುವಂತಿಲ್ಲ. ಹೀಗಾಗಿ ಕಾರಿನ ಬುಕಿಂಗಿಗೂ ಮುಂಚೆ ನಿಲ್ದಾಣವೇ ಗಟ್ಟಿಯಾಗಬೇಕು.

ಹಂತ 11: ವಾಪಸ್ ದಾರಿ

ಹೋಗುವ ಕಾರು ಗೊತ್ತುಮಾಡುವಾಗಲೇ ಬರುವ ಕಾರೂ ಆಗಲಿ. ಬಾಡಿಗೆ ಕಾರನ್ನು ಎಫ್‌ಬಿಒದಲ್ಲೇ ಬಿಡಬಹುದೇ ಅಥವಾ ಮುಖ್ಯ ಟರ್ಮಿನಲ್ಲಿಗೆ ಒಯ್ಯಬೇಕೇ ಎಂದು ಕೇಳಿ. ಎರಡನೆಯದಾದರೆ ಅಲ್ಲಿಂದ ನಾಯಿ ಸಮೇತ ಎಫ್‌ಬಿಒಗೆ ಬರುವ ಇನ್ನೊಂದು ವಾಹನ ಬೇಕಾಗುತ್ತದೆ. ಇದನ್ನು ತಪ್ಪಿಸಲು ಮೊದಲು ನಾಯಿಯನ್ನೂ ಜೊತೆಗಾರರನ್ನೂ ಎಫ್‌ಬಿಒದಲ್ಲಿ ಇಳಿಸಿ, ಆಮೇಲೆ ಒಬ್ಬರೇ ಹೋಗಿ ಕಾರು ಬಿಟ್ಟು ಬನ್ನಿ.

ಕಾರು ಹಿಂದಿರುಗಿಸುವ ಮುಂಚೆ ಹಾಸುಬಟ್ಟೆ ತೆಗೆದು ರೋಲರ್ ಎಳೆಯಿರಿ. ಪೆಟ್ರೋಲ್ ಬಂಕಿನಲ್ಲಿ ವ್ಯಾಕ್ಯೂಮ್ ಇದ್ದರೆ ಐದು ನಿಮಿಷ ಹಿಡಿಯಿರಿ. ಸೀಟು, ಡಿಕ್ಕಿ, ಬಾಗಿಲಿನ ಒಳಬದಿ ಮೂರರ ಫೋಟೋ ತೆಗೆದಿಡಿ, ದಿನಾಂಕ ಸಮೇತ. ವಾರದ ಮೇಲೆ ಬರುವ ಶುಚಿಗೊಳಿಸುವ ಬಿಲ್ಲಿಗೆ ಉತ್ತರವಾಗಿ ಆ ಮೂರು ಫೋಟೋ ಕಳಿಸಿ. ನನ್ನ ಮಟ್ಟಿಗೆ ಎರಡು ಸಲ ಬಿಲ್ಲು ವಾಪಸ್ ಹೋಗಿದೆ. ಮೂರನೇ ಸಲ ಹೋಗಲಿಲ್ಲ, ಏಕೆಂದರೆ ಸೀಟಿನ ಅಡಿಯಲ್ಲಿ ಅರ್ಧ ಅಗಿದ ಮೂಳೆಯೊಂದು ಉಳಿದುಬಿಟ್ಟಿತ್ತು. ಸೀಟಿನ ಅಡಿಯನ್ನೂ ನೋಡಿ.